ಶೂಟಿಂಗ್ ರೇಂಜಿಗೆ ಕ್ಯಾಮೊ ಪ್ಯಾಂಟು, ಮಿಲಿಟರಿ ಬೂಟು ಹಾಕ್ಕೊಂಡು ಹೋಗ್ಬಾರ್ದಾ?

ಟೆನ್_ಮೀಟರ್_ಹೊಸಬ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಒಂದು ಕ್ಲಬ್ಬಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಲಿಯೋಕೆ ಇತ್ತೀಚೆಗೆ ಸೇರ್ಕೊಂಡೆ, ಪ್ಯಾರಿಸ್ ಒಲಿಂಪಿಕ್ಸಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗಿಂದ ತಲೇಲಿ ಕೂತಿತ್ತು ಈಗ ಕಾಲ ಕೂಡಿ ಬಂತು. ವಿಷಯ ಏನಂದ್ರೆ ನಾನು ಕ್ಯಾಮೊ, ಅಂದ್ರೆ ಸೈನಿಕರ ಬಟ್ಟೆ ಥರ ಮಚ್ಚೆ ಮಚ್ಚೆ ಡಿಸೈನಿನ ಕಾರ್ಗೋ ಪ್ಯಾಂಟು, ಆಲಿವ್ ಗ್ರೀನ್ ಟೀ ಶರ್ಟು, ಕಣಕಾಲು ಮುಚ್ಚೋ ಲೇಸಿನ ಬೂಟು ಹಾಕ್ಕೊಂಡು ಹೋಗಿದ್ದೆ, ಬ್ಯಾಗು ಕೂಡ ಆ ಟ್ಯಾಕ್ಟಿಕಲ್ ಟೈಪಿಂದೇ. ಕೋಚ್ ಒಳಗೆ ಬಿಟ್ರು, ಪ್ರಾಕ್ಟೀಸು ಮಾಡಿಸಿದ್ರು, ಆದ್ರೆ ಹೊರಡೋವಾಗ ಮೆತ್ತಗೆ ಕರೆದು ಮುಂದಿನ ಸಲ ಈ ಡ್ರೆಸ್ ಬೇಡಪ್ಪ ಅಂದ್ರು. ಯಾಕೆ ಸಾರ್ ಅಂದ್ರೆ ಇಲ್ಲಿ ಅದು ಪದ್ಧತಿ ಇಲ್ಲ ಅಂತಷ್ಟೇ ಹೇಳಿ ಬೇರೆ ಹುಡುಗರ ಕಡೆ ಹೋಗ್ಬಿಟ್ರು.

ನಂಗೆ ಅರ್ಥ ಆಗ್ದೆ ಇರೋದು ಇದೇ. ಗನ್ನು ಹಿಡಿಯೋ ಜಾಗಕ್ಕೆ ಮಿಲಿಟರಿ ಥರದ ಬಟ್ಟೆ ಹೊಂದೋದಿಲ್ಲ ಅಂದ್ರೆ ಇನ್ನೆಲ್ಲಿಗೆ ಹೊಂದುತ್ತೆ? ನಮ್ಮ ಸೋದರಮಾವ ಸೈನ್ಯದಲ್ಲಿದ್ದವರು, ಚಿಕ್ಕೋನಿಂದ ಅವರನ್ನ ನೋಡ್ಕೊಂಡು ಬೆಳೆದಿದೀನಿ, ಆ ಗೌರವದಿಂದ್ಲೇ ನಂಗೆ ಈ ಬಟ್ಟೆ ಇಷ್ಟ. ಇದು ನಿಜವಾಗ್ಲೂ ರೂಲಾ, ಇಲ್ಲ ಕೋಚ್ ಅವರ ಸ್ವಂತ ಅಭಿಪ್ರಾಯನಾ? ಕಾನೂನು ಪ್ರಕಾರ ಏನಾದ್ರೂ ತೊಂದ್ರೆ ಇದೆಯಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಪೆಲೆಟ್_ಡಬ್ಬಿ:
ಸ್ಟೇಟ್ ಲೆವೆಲ್ ಪಿಸ್ತೂಲ್ ಆಡ್ತೀನಿ, ಹಾಗಾಗಿ ರೂಲ್ ವಿಷಯ ನಾನೇ ಹೇಳ್ತೀನಿ. ಕೋಚ್ ಹೇಳಿದ್ದು ಸ್ವಂತ ಅಭಿಪ್ರಾಯ ಅಲ್ಲ ಗುರೂ, ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್ ಐಎಸ್‌ಎಸ್‌ಎಫ್ ಡ್ರೆಸ್ ಕೋಡಲ್ಲೇ ಕ್ಯಾಮೊ ಬಟ್ಟೆ ಬೇಡ ಅಂತ ಹೆಸರು ಹಿಡಿದು ಬರೆದಿದೆ. ಅದೇ ಪಟ್ಟೀಲಿ ನೀಲಿ ಜೀನ್ಸು, ತೋಳಿಲ್ಲದ ಟೀ ಶರ್ಟು, ತೂತು ತೇಪೆ ಇರೋ ಪ್ಯಾಂಟು, ಆಟಕ್ಕೆ ಸಂಬಂಧ ಇಲ್ಲದ ಬರಹ ಇರೋ ಶರ್ಟು ಎಲ್ಲಾ ಇವೆ. ಶಾರ್ಟ್ಸ್ ಹಾಕೋದಾದ್ರೆ ಮಂಡಿಚಿಪ್ಪಿನ ಮಧ್ಯದಿಂದ 15 ಸೆಂಟಿಮೀಟರಿಗಿಂತ ಮೇಲೆ ಹೋಗ್ಬಾರ್ದು, ಸ್ಯಾಂಡಲ್ಸ್ ನಡೆಯಲ್ಲ. ನಮ್ಮಲ್ಲಿ ರಾಷ್ಟ್ರೀಯ ರೈಫಲ್ ಸಂಘ ಎನ್‌ಆರ್‌ಎಐ ಸ್ಪರ್ಧೆಗಳು ನಡೆಯೋದೂ ಐಎಸ್‌ಎಸ್‌ಎಫ್ ರೂಲ್ಸ್ ಮೇಲೇ, ಅದಕ್ಕೇ ಕ್ಲಬ್ಬುಗಳು ಪ್ರಾಕ್ಟೀಸಲ್ಲೇ ಅಭ್ಯಾಸ ಮಾಡಿಸ್ತಾರೆ.

ಬಟ್ಟೆಗಿಂತ ನಿಮ್ಮ ಬೂಟು ದೊಡ್ಡ ಸಮಸ್ಯೆ ಆಗುತ್ತೆ ನೋಡಿ. ಪಿಸ್ತೂಲ್ ಈವೆಂಟಲ್ಲಿ ಕಣಕಾಲಿನ ಗಂಟು ಮುಚ್ಚೋ ಶೂ ಹಾಕೋ ಹಾಗೇ ಇಲ್ಲ, ಯಾಕಂದ್ರೆ ಎತ್ತರದ ಬೂಟು ಕಣಕಾಲನ್ನ ಬಿಗಿಯಾಗಿ ಹಿಡಿದು ದೇಹದ ಓಲಾಟ ಕಮ್ಮಿ ಮಾಡುತ್ತೆ, ಅದು ಹೊರಗಿನಿಂದ ಸಿಗೋ ಸಪೋರ್ಟ್ ಅಂತ ಲೆಕ್ಕ. ಮಣಿಕಟ್ಟಿಗೆ ಸಪೋರ್ಟ್ ಕೊಡೋ ಪಟ್ಟಿ, ಗ್ಲೌಸು ಇವಕ್ಕೂ ಅದೇ ಕಥೆ. ಈಗ ನೀವು ಬೂಟಲ್ಲಿ ನಿಂತು ಬ್ಯಾಲೆನ್ಸ್ ಕಲಿತ್ರೆ ನಾಳೆ ಮ್ಯಾಚ್ ದಿನ ಇಕ್ವಿಪ್‌ಮೆಂಟ್ ಕಂಟ್ರೋಲಲ್ಲಿ ಅದನ್ನ ಬಿಚ್ಚಿಸ್ತಾರೆ, ಆಮೇಲೆ ಚಪ್ಪಟೆ ಶೂಲಿ ನಿಂತ್ರೆ ಕಾಲೇ ನಿಮ್ದಲ್ಲ ಅನ್ಸುತ್ತೆ.

ಪಕ್ಕದ ಲೇನಲ್ಲಿ ರೈಫಲ್‌ನೋರು ದಪ್ಪ ಕ್ಯಾನ್ವಾಸ್ ಜಾಕೆಟ್ಟು, ಗಟ್ಟಿ ಪ್ಯಾಂಟು ಹಾಕ್ಕೊಂಡು ಬಾತುಕೋಳಿ ಥರ ನಡೀತಿರ್ತಾರಲ್ಲ ಅವರನ್ನ ನೋಡಿ ಅವರಿಗೆ ಮಾತ್ರ ಯಾಕೆ ಅನ್ಬೇಡಿ, ಅದು ಬೆನ್ನು ಸೊಂಟಕ್ಕೆ ಆಸರೆ ಕೊಡೋ ಆಟದ ಸಲಕರಣೆ, ಅದಕ್ಕೂ ಬಟ್ಟೆಯ ದಪ್ಪ 2.5 ಮಿಲಿಮೀಟರ್ ದಾಟ್ಬಾರ್ದು ಅಂತ ಯಂತ್ರ ಇಟ್ಟು ಅಳೀತಾರೆ, ಎಷ್ಟು ಬಿರುಸಾಗಿದೆ ಅಂತಾನೂ ಅಳೀತಾರೆ. ಅದರ ಬಣ್ಣ ನೋಡಿ, ಕೆಂಪು ನೀಲಿ ಹಳದಿ ಹಬ್ಬ ಇರುತ್ತೆ.

ನಿಮಗೆ ಸ್ಫೂರ್ತಿ ಬೇಕು ಅಂದ್ರೆ ಅದೇ ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಮಿಕ್ಸೆಡ್ ಟೀಮ್ ಏರ್ ಪಿಸ್ತೂಲಲ್ಲಿ ಬೆಳ್ಳಿ ಗೆದ್ದಿದ್ದನ್ನ ನೆನಪು ಮಾಡ್ಕೊಳ್ಳಿ. ಒಂದು ಟೀ ಶರ್ಟು, ಮಾಮೂಲಿ ಕನ್ನಡಕ, ಒಂದು ಕೈ ಪ್ಯಾಂಟ್ ಜೇಬಲ್ಲಿ. ಆ ಮನುಷ್ಯ ಟರ್ಕಿಯ ಜೆಂಡಾರ್ಮರಿ ಅನ್ನೋ ಸೈನ್ಯದ ಥರದ ಪೊಲೀಸ್ ಪಡೆಯಲ್ಲಿ ವರ್ಷಗಟ್ಲೆ ಸರ್ವೀಸ್ ಮಾಡಿದವರು, ಯೂನಿಫಾರ್ಮ್ ಹಾಕೋ ಹಕ್ಕು ನಮ್ಮೆಲ್ಲರಿಗಿಂತ ಜಾಸ್ತಿ ಇತ್ತು ಅವರಿಗೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಲ್ಲಿ ಬೆಳ್ಳಿ ತಂದ್ರು, ಅವರ ಮ್ಯಾಚ್ ಫೋಟೋ ಹುಡುಕಿ ನೋಡಿ ಹೇಗಿರ್ತಾರೆ ಅಂತ.

ಬೆಳಗಾವಿ_ಮಾಜಿ_ಸುಬೇದಾರ್:
ತಮ್ಮಾ, ನಿನ್ನ ಮಾವ ಫೌಜಿನಾಗ ಇದ್ರು ಅಂತ ಬರ್ದೀಯಲ್ಲ, ಹಂಗಾದ್ರ ಈ ಮಾತು ಅವರನ್ನೂ ಒಮ್ಮೆ ಕೇಳಿ ನೋಡು. ನಾನೂ ಸರ್ವೀಸ್ ಮುಗಿಸಿ ಊರಿಗೆ ಬಂದಾಂವ, ನನಗ ಯಾರರ ಈ ಬಟ್ಟಿ ಹಾಕ್ಕೊಂಡು ಬಂದ್ರ ಸಿಟ್ಟು ಬರೂದಿಲ್ಲ, ಆದ್ರ ಚಿಂತಿ ಆಗ್ತದ. ಯಾಕ ಅಂತ ಹೇಳ್ತೀನಿ ಕೇಳು.

2015ರ ಜುಲೈದಾಗ ಪಂಜಾಬಿನ ದೀನಾನಗರ ಪೊಲೀಸ್ ಸ್ಟೇಷನ್ ಮ್ಯಾಲೆ ದಾಳಿ ಆತು, 2016ರ ಜನವರಿ 2ಕ್ಕ ಪಠಾಣಕೋಟ್ ಏರ್‌ಬೇಸ್ ಮ್ಯಾಲೆ ದಾಳಿ ಆತು. ಎರಡೂ ಕಡೆ ಬಂದವ್ರು ನಮ್ಮ ಆರ್ಮಿ ಡ್ರೆಸ್ ಹಾಕ್ಕೊಂಡೇ ಬಂದಿದ್ರು. ಪಠಾಣಕೋಟ್ ಆದ ಮ್ಯಾಲೆ ಆರ್ಮಿಯವ್ರೇ ಸಾರ್ವಜನಿಕರಿಗೆ ವಿನಂತಿ ಮಾಡ್ಕೊಂಡ್ರು, ಸೈನ್ಯದ ಪ್ಯಾಟರ್ನ್ ಇರೋ ಬಟ್ಟಿ ಹಾಕಬ್ಯಾಡ್ರಿ, ಅಂಗಡಿಯವ್ರು ಮಾರಬ್ಯಾಡ್ರಿ ಅಂತ. ಡ್ಯೂಟಿ ಮ್ಯಾಲಿರೋ ಜವಾನ ಅರ್ಧ ಸೆಕೆಂಡಿನ್ಯಾಗ ನಮ್ಮಾಂವ ಯಾರು ಹೊರಗಿನವ ಯಾರು ಅಂತ ತೀರ್ಮಾನ ಮಾಡ್ಬೇಕಾಗ್ತದ, ಆವಾಗ ಅಂವ ಮೊದಲು ನೋಡೋದೇ ಬಟ್ಟಿ. ಆ ಗುರ್ತು ಕೆಡಿಸಿದ್ರ ಅವನ ಜೀವಕ್ಕೂ ಅಪಾಯ, ನಿನ್ನ ಜೀವಕ್ಕೂ ಅಪಾಯ. ಬೆಂಗಳೂರಾಗ ಸೈನ್ಯದ ಸೆಂಟರ್ ಭಾಳ ಅದಾವ, ಎಂಇಜಿ ಅದ, ಎಎಸ್‌ಸಿ ಸೆಂಟರ್ ಅದ, ಪ್ಯಾರಾ ಟ್ರೇನಿಂಗ್ ಸೆಂಟರ್ ಅದ, ನಮ್ಮ ಬೆಳಗಾವಿದಾಗ ಮರಾಠಾ ಸೆಂಟರ್ ಅದ. ಅಂಥಾ ಜಾಗದ ಸುತ್ತಮುತ್ತ ನೀ ಬೈಕ್ ಮ್ಯಾಲೆ ಕ್ಯಾಮೊ ಹಾಕ್ಕೊಂಡು ಬೆನ್ನಿಗೆ ಪಿಸ್ತೂಲ್ ಕೇಸ್ ಕಟ್ಟಿ ಹೊಂಟ್ರ ಪೋಸ್ಟ್ ಮ್ಯಾಲೆ ನಿಂತಾಂವ ಏನು ತಿಳ್ಕೋಬೇಕು ಹೇಳು. ಏರ್ ಪಿಸ್ತೂಲ್ ಅಂತ ಹಣಿ ಮ್ಯಾಲೆ ಬರ್ದಿರೂದಿಲ್ಲಲ್ಲ.

ಈಗಿರೋ ಹೊಸಾ ಕಾಂಬ್ಯಾಟ್ ಡ್ರೆಸ್ 2022ರ ಜನವರಿ 15ಕ್ಕ, ಆರ್ಮಿ ಡೇ ದಿನ, ಮೊದಲ ಸಲ ತೋರ್ಸಿದ್ರು. ಫ್ಯಾಷನ್ ಕಾಲೇಜು ಎನ್‌ಐಎಫ್‌ಟಿ ಜೋಡಿ ಕೂಡಿ ಮಾಡಿದ ಡಿಜಿಟಲ್ ಪ್ಯಾಟರ್ನ್ ಅದು, ಡಿಸೈನ್ ಹಕ್ಕನ್ನ ಸೈನ್ಯದ ಹೆಸರಿಲೇ ರಿಜಿಸ್ಟರ್ ಮಾಡ್ಸ್ಯಾರ, ಯಾರು ಬೇಕಾದ್ರೂ ಹೊಲಿದು ಮಾರಬಾರದು ಅಂತ. ಆದ್ರೂ ನಕಲು ಎಲ್ಲಿ ಬೇಕಲ್ಲಿ ಸಿಗ್ತಾವು, ಅದು ನನಗ ಭಾಳ ಬ್ಯಾಸರ ತರೋ ಸಂಗತಿ.

ಗೌರವ ತೋರ್ಸೂದು ಅಂದ್ರ ಆ ಬಟ್ಟಿ ಗಳಿಸಿದವರಿಗೆ ಬಿಟ್ಟುಕೊಡೋದು. ಲಂಡನ್ ಒಲಿಂಪಿಕ್ಸಿನ್ಯಾಗ 25 ಮೀಟರ್ ರ‍್ಯಾಪಿಡ್ ಫೈರಿನ್ಯಾಗ ಬೆಳ್ಳಿ ಗೆದ್ದ ವಿಜಯ್ ಕುಮಾರ್ ಆವಾಗ ನಮ್ಮ ಆರ್ಮಿ ಸುಬೇದಾರ್, ಅಥೆನ್ಸಿನ್ಯಾಗ ಡಬಲ್ ಟ್ರ್ಯಾಪ್ ಬೆಳ್ಳಿ ತಂದ ರಾಠೋಡ್ ಸಾಹೇಬ್ರು ಮೇಜರ್. ಸೈನ್ಯದಾಗಿನ ಶೂಟರ್‌ಗಳಿಗೇ ಮಹೂದಾಗ ಮಾರ್ಕ್ಸ್‌ಮನ್‌ಶಿಪ್ ಯೂನಿಟ್ ಅದ. ಇವ್ರೇ ಸ್ಪರ್ಧಾಕ್ಕ ನಿಂತಾಗ ಹಾಕೋದು ಇಂಡಿಯಾ ಕಿಟ್, ಕಾಂಬ್ಯಾಟ್ ಡ್ರೆಸ್ ಅಲ್ಲ.

ಸೆಕ್ಷನ್_ನೋಡಿ_ಹೇಳಿ:
ಸುಬೇದಾರ್ ಸಾರ್ ಹೇಳಿದ್ದು ಎಲ್ಲಾ ಒಪ್ತೀನಿ, ಆದ್ರೆ ಕಾನೂನಿನ ಪ್ರಶ್ನೆಗೆ ಉತ್ತರ ಬೇರೆ ಇದೆ, ಅದನ್ನ ಸರಿಯಾಗಿ ಹೇಳ್ಬೇಕು ಇಲ್ಲಾಂದ್ರೆ ಕ್ಯಾಮೊ ಹಾಕಿದ್ರೆ ಜೈಲು ಅಂತ ವಾಟ್ಸಾಪಲ್ಲಿ ಓಡಾಡುತ್ತಲ್ಲ ಅದನ್ನೇ ಜನ ನಂಬ್ತಾರೆ.

ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 168, ಹಳೇ ಐಪಿಸಿ 140ರ ಜಾಗಕ್ಕೆ ಬಂದಿರೋದು. ಸೈನಿಕ, ನೌಕಾಪಡೆ ಅಥವಾ ವಾಯುಪಡೆಯವನಲ್ಲದ ವ್ಯಕ್ತಿ ಅವರ ಉಡುಪನ್ನ ಹೋಲೋ ಉಡುಪು ಹಾಕಿ ಅಥವಾ ಅಂಥ ಗುರುತು ಇಟ್ಕೊಂಡು, ತಾನು ಸೈನಿಕ ಅಂತ ಜನ ನಂಬ್ಲಿ ಅನ್ನೋ ಉದ್ದೇಶ ಇದ್ರೆ ಅದು ಅಪರಾಧ. ಶಿಕ್ಷೆ ಮೂರು ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೇ ಕಾನೂನಲ್ಲಿ ದಂಡ 500 ಇತ್ತು. ಇಲ್ಲಿ ಪ್ರಾಣ ಇರೋದು ಉದ್ದೇಶ ಅನ್ನೋದ್ರಲ್ಲಿ. ಸಂತೇಲಿ ಮಕ್ಕಳಿಗೆ ತಗೊಳ್ಳೋ ಕ್ಯಾಮೊ ಚಡ್ಡಿಗೋ, ಗಾರೆ ಕೆಲಸದವರು ಹಾಕೋ ಪ್ಯಾಂಟಿಗೋ ಈ ಸೆಕ್ಷನ್ ಅನ್ವಯ ಆಗಲ್ಲ, ಅವರ‍್ಯಾರೂ ಸೈನಿಕ ಅಂತ ನಂಬಿಸೋಕೆ ಹಾಕ್ತಿಲ್ಲ. ಸೆಕ್ಯೂರಿಟಿ ಏಜೆನ್ಸಿಗಳಿಗೆ ಮಾತ್ರ ಬಿಗಿ ಜಾಸ್ತಿ, 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೇಲಿ ಸೇನೆ ಪೊಲೀಸ್ ಯೂನಿಫಾರ್ಮ್ ಥರ ಕಾಣೋದನ್ನ ಗಾರ್ಡುಗಳು ಹಾಕಿದ್ರೆ ಒಂದು ವರ್ಷದವರೆಗೆ ಶಿಕ್ಷೆ ಇದೆ.

ಆದ್ರೆ, ಇದನ್ನ ಗಮನ ಇಟ್ಟು ಓದಿ, ಉದ್ದೇಶವನ್ನ ಪೊಲೀಸರಾಗ್ಲಿ ಕೋರ್ಟಾಗ್ಲಿ ಸಂದರ್ಭ ನೋಡಿ ಊಹಿಸ್ತಾರೆ. ಬರೀ ಪ್ಯಾಂಟು ಒಂದು ಮಾತು. ಪ್ಯಾಂಟು, ಅದೇ ಪ್ಯಾಟರ್ನ್ ಶರ್ಟು, ಎದೆ ಮೇಲೆ ಹೆಸರು ಪಟ್ಟಿ, ಭುಜದಲ್ಲಿ ಯಾವುದೋ ರೆಜಿಮೆಂಟಿನ ಬ್ಯಾಡ್ಜು, ಕೈಯಲ್ಲಿ ಪಿಸ್ತೂಲು ಅಂದ್ರೆ ಅದು ಬೇರೆ ಮಾತು. ನಮ್ಮಲ್ಲಿ .177 ಕ್ಯಾಲಿಬರ್‌ವರೆಗಿನ, 20 ಜೂಲ್ ಶಕ್ತಿಯ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಅದು 2016ರ ಆರ್ಮ್ಸ್ ರೂಲ್ಸಲ್ಲಿದೆ, ಆದ್ರೆ ನೋಡೋಕೆ ಅದು ಅಸಲಿ ಥರಾನೇ ಇರುತ್ತೆ ಅಲ್ವಾ. ಬಟ್ಟೆಯಿಂದ ಅನುಮಾನ ಬರೋ ಅವಕಾಶವನ್ನ ನಾವೇ ಯಾಕೆ ಕೊಡ್ಬೇಕು. ಇನ್ನೊಂದು, ಕ್ಲಬ್ ಖಾಸಗಿ ಜಾಗ, ಕಾನೂನಲ್ಲಿ ಅಪರಾಧ ಅಲ್ಲದಿದ್ರೂ ಅವರು ತಮ್ಮ ಡ್ರೆಸ್ ಕೋಡ್ ಇಟ್ಕೋಬಹುದು, ಅದರಲ್ಲಿ ಹಕ್ಕು ಹೋಯ್ತು ಅನ್ನೋ ವಾದ ನಿಲ್ಲಲ್ಲ.

ಮ್ಯೂನಿಕ್_ಮಲೆನಾಡಿಗ:
ನಾನು ತೀರ್ಥಹಳ್ಳಿ ಕಡೆಯವನು, ಈಗ ಕೆಲಸದ ಮೇಲೆ ಜರ್ಮನಿಲಿದೀನಿ, ಇಲ್ಲಿ ಊರೂರಿಗೂ ಶೂಟಿಂಗ್ ಕ್ಲಬ್ ಇದೆ ಮಾರಾಯ್ರೆ, ನಮ್ಮಲ್ಲಿ ಯುವಕ ಸಂಘ ಇದ್ದ ಹಾಗೆ. ಐಎಸ್‌ಎಸ್‌ಎಫ್ ಹೆಡ್ಡಾಫೀಸೂ ಮ್ಯೂನಿಕ್ಕಲ್ಲೇ, 1972ರ ಒಲಿಂಪಿಕ್ಸಿಗೆ ಕಟ್ಟಿದ ಹೊಖ್‌ಬ್ರೂಕ್ ರೇಂಜಲ್ಲಿ ಈಗ್ಲೂ ವರ್ಲ್ಡ್ ಕಪ್ ನಡೆಯುತ್ತೆ.

ಇಲ್ಲಿ ಬಟ್ಟೆ ವಿಷಯಕ್ಕೆ ಯಾಕೆ ಇಷ್ಟು ಸೂಕ್ಷ್ಮ ಅಂದ್ರೆ ಅದಕ್ಕೆ ನೋವಿನ ಇತಿಹಾಸ ಇದೆ. 2002ರಲ್ಲಿ ಎರ್ಫುರ್ಟ್ ಅನ್ನೋ ಊರಿನ ಶಾಲೇಲಿ 19 ವರ್ಷದ ಹುಡುಗ 16 ಜನರನ್ನ ಗುಂಡಿಟ್ಟು ಕೊಂದ, ಅವನು ಶೂಟಿಂಗ್ ಕ್ಲಬ್ ಸದಸ್ಯ ಆಗಿದ್ದ. ಅದಾದ್ಮೇಲೆ 25 ವರ್ಷದ ಒಳಗಿನವರು ಬಂದೂಕು ತಗೋಬೇಕಂದ್ರೆ ಮಾನಸಿಕ ಪರೀಕ್ಷೆ ಸರ್ಟಿಫಿಕೇಟ್ ಕೊಡ್ಬೇಕು ಅಂತ ಕಾನೂನು ಬಂತು. 2009ರಲ್ಲಿ ವಿನ್ನೆಂಡೆನ್‌ನಲ್ಲಿ ಮತ್ತೊಂದು ಶಾಲೆ, ಆ ಸಲ ಹುಡುಗ ತಂದಿದ್ದು ಅಪ್ಪನ ಪಿಸ್ತೂಲು, ಅಪ್ಪ ಕ್ಲಬ್ ಸದಸ್ಯ. ಪ್ರತೀ ಸಲವೂ ಈ ಆಟವನ್ನೇ ನಿಲ್ಲಿಸಿ ಅನ್ನೋ ಕೂಗು ಏಳುತ್ತೆ. ಕ್ಲಬ್ಬಿನ ವಯಸ್ಸಾದವರಿಗೆ ಆ ಭಯ ಒಳಗೇ ಇದೆ, ನಮ್ಮ ರೇಂಜಿನ ಫೋಟೋ ಪೇಪರಲ್ಲಿ ಬಂದ್ರೆ ಅದರಲ್ಲಿ ಆಟಗಾರರು ಕಾಣ್ಬೇಕು, ಖಾಸಗಿ ಸೇನೆ ಕಾಣ್ಬಾರ್ದು ಅಂತ. ಆಯುಧ ಕಾನೂನಿನ 27ನೇ ಸೆಕ್ಷನ್ನಲ್ಲೇ ರೇಂಜಲ್ಲಿ ಯುದ್ಧದ ಮಾದರಿಯ ಶೂಟಿಂಗ್ ಮಾಡ್ಬಾರ್ದು ಅಂತ ಇದೆ.

ಓಡ್ತಾ ಓಡ್ತಾ ಗುರಿ ಹೊಡೆಯೋ ಪ್ರಾಕ್ಟಿಕಲ್ ಶೂಟಿಂಗ್ ಐಪಿಎಸ್‌ಸಿ ಇದೆಯಲ್ಲ, ಅದನ್ನ ನೋಡಿದ್ರೆ ಮಿಲಿಟರಿ ಟ್ರೇನಿಂಗ್ ಥರ ಅನ್ಸುತ್ತೆ, ಆದ್ರೆ ಅವರ ರೂಲ್ ಬುಕ್ಕಲ್ಲೂ 5.3ರಲ್ಲಿ ಪೊಲೀಸ್ ಮಿಲಿಟರಿಯವರನ್ನ ಬಿಟ್ಟು ಉಳಿದವರು ಕ್ಯಾಮೊ ಅಥವಾ ಆ ಥರದ ಬಟ್ಟೆ ಹಾಕೋದನ್ನ ಪ್ರೋತ್ಸಾಹಿಸಲ್ಲ ಅಂತ ಬರೆದಿದ್ದಾರೆ, ಕೊನೇ ತೀರ್ಮಾನ ಮ್ಯಾಚ್ ಡೈರೆಕ್ಟರದ್ದು. ಅಲ್ಲಿ ಎಲ್ಲರೂ ಸೈಕಲ್ ರೇಸಿನವರ ಥರ ಬಣ್ಣಬಣ್ಣದ ಜೆರ್ಸಿ ಹಾಕ್ತಾರೆ.

ಇದು ಬಟ್ಟೆಗೆ ಮಾತ್ರ ಸೀಮಿತ ಅಲ್ಲ ಅಂತ ನಂಗನ್ನಿಸೋದು. 1896ರ ಅಥೆನ್ಸ್ ಒಲಿಂಪಿಕ್ಸಲ್ಲಿ ಮಿಲಿಟರಿ ರೈಫಲ್, ಮಿಲಿಟರಿ ಪಿಸ್ತೂಲ್ ಅಂತ್ಲೇ ಈವೆಂಟ್ ಇದ್ವು. ವಿಜಯ್ ಕುಮಾರ್ ಗೆದ್ದ ರ‍್ಯಾಪಿಡ್ ಫೈರ್ ಈವೆಂಟಲ್ಲಿ 1988ರ ಸಿಯೋಲ್‌ವರೆಗೂ ಮನುಷ್ಯನ ಆಕಾರದ ಟಾರ್ಗೆಟ್ಟಿಗೆ ಹೊಡೀತಿದ್ರು, 1992ರ ಬಾರ್ಸಿಲೋನಾ ಹೊತ್ತಿಗೆ ಅದು ದುಂಡನೆ ಟಾರ್ಗೆಟ್ ಆಯ್ತು. ಸೈನ್ಯದ ಅಂಗಳದಲ್ಲಿ ಹುಟ್ಟಿದ ಆಟ ಒಂದೊಂದಾಗಿ ಯುದ್ಧದ ಗುರುತುಗಳನ್ನ ಕಳಚಿಕೊಂಡು ಬಂದಿದೆ, ಶಾಲೆ ಮಕ್ಕಳು, ಹೆಣ್ಣುಮಕ್ಕಳು, ಗಾಲಿಕುರ್ಚಿಯವರು ಎಲ್ಲರೂ ಬರೋ ಜಾಗ ಆಗಿದೆ. ಕ್ಯಾಮೊ ಬೇಡ ಅನ್ನೋದು ಅದೇ ಸಾಲಿನ ಇನ್ನೊಂದು ಹೆಜ್ಜೆ.

ಡಲ್ಲಾಸ್_ದಾವಣಗೆರೆ:
ಇಲ್ಲಿ ಟೆಕ್ಸಾಸಲ್ಲಿ ಪರಿಸ್ಥಿತಿ ಪೂರಾ ಉಲ್ಟಾ, ರೇಂಜಿಗೆ ಕ್ಯಾಮೊ ಹಾಕ್ಕೊಂಡು ಬಂದ್ರೆ ಯಾರೂ ತಿರುಗೀನೂ ನೋಡಲ್ಲ. ಅದಕ್ಕೆ ಕಾರಣ ಬೇಟೆ. ಜಿಂಕೆ ಸೀಸನ್ ಬಂತಂದ್ರೆ ಅಂಗಡಿ ತುಂಬಾ ಎಲೆ ಕಡ್ಡಿ ಚಿತ್ರದ ಬೇಟೆ ಕ್ಯಾಮೊ, ತೊಟ್ಟಿಲ ಮಗುವಿಗೂ ಸಿಗುತ್ತೆ, ರೈತರು ಟ್ರಾಕ್ಟರ್ ಮೇಲೂ ಅದೇ ಹಾಕಿರ್ತಾರೆ. ಸೈನ್ಯದ ಪ್ಯಾಟರ್ನಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ಕ್ಯಾಮೊ ಹಾಕಿದವರೆಲ್ಲಾ ಯುದ್ಧದ ಕನಸು ಕಾಣ್ತಾರೆ ಅನ್ನೋ ಥರ ಮಾತಾಡೋದು ನಂಗೆ ಸರಿ ಕಾಣಲ್ಲ, ಪ್ರಶ್ನೆ ಕೇಳಿದ ಹುಡುಗ ಪಾಪ ಇಷ್ಟಪಟ್ಟು ಹಾಕಿದಾನೆ ಅಷ್ಟೇ.

ಆದ್ರೆ ಒಂದು ಮಾತು ನಾನೂ ಸೇರಿಸ್ತೀನಿ. ಇಲ್ಲಿನ ಹೊರಾಂಗಣ ರೇಂಜುಗಳಲ್ಲಿ ಎಲ್ಲರೂ ಫೈರಿಂಗ್ ನಿಲ್ಲಿಸಿ, ಗನ್ ಖಾಲಿ ಮಾಡಿ ಕೆಳಗಿಟ್ಟ ಮೇಲೆ ಟಾರ್ಗೆಟ್ ಬದಲಾಯಿಸೋಕೆ ಮುಂದೆ ನಡ್ಕೊಂಡು ಹೋಗ್ತೀವಿ. ಹಿಂದೆ ಹಸಿರು ಮಣ್ಣಿನ ದಿಬ್ಬ, ಸಂಜೆ ಬೆಳಕು, ಅಲ್ಲಿ ಹಸಿರು ಕಂದು ಮಚ್ಚೆ ಬಟ್ಟೆ ಹಾಕಿದವನು ನಿಜವಾಗ್ಲೂ ಕಣ್ಣಿಗೆ ಬೀಳಲ್ಲ, ಆ ಬಟ್ಟೆ ಇರೋದೇ ಅದಕ್ಕಲ್ವಾ. ಬಂದೂಕು ಹಿಡಿದು ಬೇಟೆಗೆ ಹೋಗೋರೇ ಎಷ್ಟೋ ರಾಜ್ಯಗಳಲ್ಲಿ ಮೇಲೆ ಕಿತ್ತಳೆ ಬಣ್ಣದ ವೆಸ್ಟ್ ಹಾಕ್ಲೇಬೇಕು ಅಂತ ಕಾನೂನಿದೆ, ಒಬ್ಬರಿಗೊಬ್ಬರು ಕಾಣ್ಲಿ ಅಂತ. ಅದಕ್ಕೇ ನಾನು ಮನೆಯವರನ್ನ ರೇಂಜಿಗೆ ಕರ್ಕೊಂಡು ಹೋದಾಗ ಎದ್ದು ಕಾಣೋ ಬಣ್ಣದ್ದೇ ಹಾಕಿಸ್ತೀನಿ, ಜೊತೆಗೆ ಕತ್ತು ಮುಚ್ಚೋ ಶರ್ಟು, ಇಲ್ಲಾಂದ್ರೆ ಹೊಡೆದ ಗುಂಡಿನ ಸುಡೋ ಖಾಲಿ ಕೇಸ್ ಹಾರಿ ಬಂದು ಕಾಲರ್ ಒಳಗೆ ಬೀಳುತ್ತೆ. ಏರ್ ಪಿಸ್ತೂಲಲ್ಲಿ ಆ ತಾಪತ್ರಯ ಇಲ್ಲ ಬಿಡಿ.

ಪೊನ್ನಂಪೇಟೆ_ತೋಕ್:
ಕೊಡಗಿನವನು ಒಂದು ಮಾತು ಹೇಳ್ಲೇಬೇಕು ಅನ್ನಿಸ್ತು. ನಮ್ಮ ಮನೆಗಳಲ್ಲಿ ಬಂದೂಕು ಹಿರಿಯರಷ್ಟೇ ಹಳೇದು, ಆರ್ಮ್ಸ್ ಆಕ್ಟಲ್ಲಿ ಲೈಸೆನ್ಸಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನ ಹತ್ತು ವರ್ಷಕ್ಕೆ ಮುಂದುವರಿಸಿದ್ರು. ಸೈನ್ಯವೂ ಹಾಗೇ, ಕಾರ್ಯಪ್ಪ ತಿಮ್ಮಯ್ಯ ಇವರ ನಾಡು, ಮನೆಗೊಬ್ರು ಯೂನಿಫಾರ್ಮ್ ಹಾಕಿದೋರು ಸಿಗ್ತಾರೆ. ಆಯುಧ ಪೂಜಿಸೋ ನಮ್ಮ ಹಬ್ಬ ಕೈಲ್‌ಪೊಳ್ದ್ ದಿನ ಬಂದೂಕು, ಒಡಿಕತ್ತಿ ಎಲ್ಲಾ ತೊಳೆದು ಪೂಜೆ ಮಾಡಿ, ನಳಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಇಡ್ತೀವಿ, ಆಮೇಲೆ ಮರದ ತುದೀಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಅಲ್ಲಿ ಅಜ್ಜಂದಿರು ಕೊಡವರ ಸಾಂಪ್ರದಾಯಿಕ ಉಡುಪು ಕುಪ್ಯಚೇಲೆ ಹಾಕಿರ್ತಾರೆ, ಸೊಂಟದಲ್ಲಿ ಪೀಚೆಕತ್ತಿ, ಹೆಣ್ಣುಮಕ್ಕಳು ಕೊಡವ ಸೀರೇಲೇ ಬಂದು ಹೊಡೀತಾರೆ, ಹುಡುಗರು ಪ್ಯಾಂಟು ಶರ್ಟಲ್ಲಿ. ರಿಟೈರಾದ ಕರ್ನಲ್‌ಗಳು ಕೂಡ ಆ ದಿನ ಕಾಂಬ್ಯಾಟ್ ಡ್ರೆಸ್ ಹಾಕಿ ಬಂದಿದ್ದು ನಾನು ನೋಡಿಲ್ಲ. ಬಂದೂಕು ಹಿಡಿಯೋಕೆ ಸೈನಿಕನ ವೇಷ ಬೇಕು ಅನ್ನೋ ಯೋಚನೆಯೇ ನಮ್ಮಲ್ಲಿ ಬಂದಿಲ್ಲ, ಯಾಕಂದ್ರೆ ಸೈನ್ಯ ಅಂದ್ರೆ ಏನು ಅಂತ ಮನೇಲೇ ಗೊತ್ತು, ಅಲ್ಲಿಂದ ವಾಪಸ್ ಬರದೆ ಇದ್ದೋರ ಫೋಟೋನೂ ಗೋಡೆ ಮೇಲಿದೆ.

ಮೊದಲ್ನೇ ದಿನ ಬಂದವನಿಗೆ ಎಲ್ಲರೆದುರು ಬೈಯದೆ ಬದಿಗೆ ಕರೆದು ಹೇಳಿದ ಕೋಚ್ ಒಳ್ಳೆಯವರು, ಅವರನ್ನ ಬಿಡ್ಬೇಡಿ.

ಟೆನ್_ಮೀಟರ್_ಹೊಸಬ:
ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಠಾಣಕೋಟ್ ವಿಷಯ ಗೊತ್ತಿತ್ತು ಆದ್ರೆ ಅದಕ್ಕೂ ನನ್ನ ಪ್ಯಾಂಟಿಗೂ ಇರೋ ಸಂಬಂಧ ಸುಬೇದಾರ್ ಸಾರ್ ಹೇಳಿದ ಮೇಲೇ ಹೊಳೆದಿದ್ದು. ಮಾವನಿಗೆ ಫೋನ್ ಮಾಡಿ ಕೇಳಿದೆ, ಅವರೂ ಅದೇ ಅಂದ್ರು. ಈಗ ಇನ್ನೊಂದು ಪ್ರಶ್ನೆ. ಹಾಗಾದ್ರೆ ಏನು ತಗೊಳ್ಲಿ? ಪಿಸ್ತೂಲ್ ಶೂ ಅಂತ ಸ್ಪೆಷಲ್ಲಾಗಿ ಬರೋದು ಬೆಲೆ ನೋಡಿ ಗಾಬರಿ ಆಯ್ತು. ಆಲಿವ್ ಗ್ರೀನ್ ಪ್ಲೇನ್ ಟೀ ಶರ್ಟ್ ಪರ್ವಾಗಿಲ್ವಾ ಅದೂ ಬೇಡ್ವಾ?

ಪೆಲೆಟ್_ಡಬ್ಬಿ:
ಪ್ಲೇನ್ ಆಲಿವ್ ಟೀ ಶರ್ಟಿಗೆ ಯಾರೂ ಏನೂ ಅನ್ನಲ್ಲ, ಅದು ಬರೀ ಬಣ್ಣ, ಪ್ರಾಕ್ಟೀಸಿಗೆ ಆರಾಮಾಗಿ ಹಾಕಿ. ಮ್ಯಾಚಿಗೆ ಕ್ಲಬ್ ಜೆರ್ಸಿ ಇದ್ರೆ ಅದು ಒಳ್ಳೇದು. ಕೆಳಗೆ ಟ್ರ್ಯಾಕ್ ಪ್ಯಾಂಟ್ ಸಾಕು, ಆದ್ರೆ ಜೇಬಿರೋದು ತಗೊಳ್ಳಿ, ಯಾಕಂದ್ರೆ ಖಾಲಿ ಕೈಯನ್ನ ಎಲ್ಲಾದ್ರೂ ಒಂದು ಕಡೆ ಸ್ಥಿರವಾಗಿ ಇಡ್ಬೇಕು, ಹೆಚ್ಚಿನವರು ಜೇಬಲ್ಲೋ ಬೆಲ್ಟಲ್ಲೋ ಸಿಕ್ಕಿಸ್ತಾರೆ.

ಶೂಗೆ ಈಗ್ಲೇ ದುಡ್ಡು ಸುರೀಬೇಡಿ. ಓಡೋ ಶೂ ಬೇಡ, ಅದರ ಹಿಮ್ಮಡಿ ಮೆತ್ತಗೆ ಎತ್ತರ ಇರುತ್ತೆ, ನಿಂತ್ರೆ ಒಳಗೇ ತೂಗಾಡಿದ ಹಾಗಾಗುತ್ತೆ. ತಳ ಚಪ್ಪಟೆ ಇರೋ, ಕಣಕಾಲಿನ ಗಂಟಿಗಿಂತ ಕೆಳಗೇ ನಿಲ್ಲೋ ಮಾಮೂಲಿ ಕ್ಯಾನ್ವಾಸ್ ಶೂ ಅಥವಾ ಬ್ಯಾಡ್ಮಿಂಟನ್ ಶೂಲಿ ಶುರು ಮಾಡಿ. ಸ್ಟೇಟ್ ಮ್ಯಾಚಿಗೆ ಎಂಟ್ರಿ ಹಾಕೋ ಹೊತ್ತಿಗೆ ನಿಮ್ಮ ಸ್ಟಾನ್ಸ್, ಅಂದ್ರೆ ನಿಲ್ಲೋ ಭಂಗಿ, ಗಟ್ಟಿಯಾಗಿರುತ್ತೆ, ಆಗ ಕ್ಲಬ್ಬಲ್ಲಿ ಸೀನಿಯರ್‌ಗಳ ಪಿಸ್ತೂಲ್ ಶೂ ಹಾಕಿ ಐದಾರು ಶಾಟ್ ಹೊಡೆದು ನೋಡಿ ನಿರ್ಧಾರ ಮಾಡಿ. ಈ ಸಲದ ದುಡ್ಡಲ್ಲಿ ಒಳ್ಳೇ ಮ್ಯಾಚ್ ಪೆಲೆಟ್, ಅಂದ್ರೆ ಏರ್ ಪಿಸ್ತೂಲಿನ ಗುಂಡು, ತಗೊಳ್ಳಿ. ಪಿಸ್ತೂಲನ್ನ ಮಾತ್ರ ದಾರೀಲಿ ಕಾಣದ ಹಾಗೆ ಗಟ್ಟಿ ಕೇಸಲ್ಲಿ ಒಯ್ಯಿರಿ, ಜೊತೆಗೆ ಕ್ಲಬ್ ಐಡಿ ಮತ್ತೆ ಬಿಲ್ ಇಟ್ಕೊಂಡಿರಿ.